ಹನ್ನೆರಡು ಸಾವಿರದೊಳಗೆ

ಚಂಗಾವರದ ದಾರಿಯಲ್ಲಿ ಕಗ್ಗಲಡು ಬಂದರೆ
ಓಬಳೇಶಣ್ಣ ಗೇರು ಇಳಿಸುತ್ತಾನೆ, ಹಾರನ್ ಒತ್ತುವುದಿಲ್ಲ.
ಹುಣಿಸೆಮರದ ತುಂಬ ಕೊಕ್ಕರೆ.
ಎರಡು ನಿಮಿಷದ ಸ್ಟಾಪು.
ಕೋಳಿಬುಟ್ಟಿಯ ಅಜ್ಜಿ ಇಳಿಯುವಷ್ಟರಲ್ಲಿ
ನಾನು ಫುಟ್‌ಬೋರ್ಡಿನ ಮೇಲೆ ನಿಂತು ಫೋನು ಎತ್ತುತ್ತೇನೆ.
ಬೆರಳಲ್ಲಿ ಹಿಗ್ಗಿಸಿದರೆ ಹಕ್ಕಿ
ನೀರು ಹೆಚ್ಚಾದ ಅಕ್ಕಿಹಿಟ್ಟು.
ಬಾಲದ ಹತ್ತಿರದ ಆ ಗುಲಾಬಿ,
ರವಿಕೆಗೆ ಮ್ಯಾಚಿಂಗ್ ಎಂದು ಮೂರಂಗಡಿ ಸುತ್ತಿದರೂ ಸಿಗದಂಥದ್ದು,
ಅದು ಫೋನಿಗೆ ಕಂಡೇ ಇಲ್ಲ.

ಹಾಗಾಗಿ ಹನ್ನೆರಡು ಸಾವಿರ.
ಡಿಎ ಬಾಕಿ ಏಳು, ಚೀಟಿಯಲ್ಲಿ ಉಳಿದದ್ದು ಮೂರೂವರೆ,
ಮಿಕ್ಕಿದ್ದು ಹಾರ್ಲಿಕ್ಸ್ ಬಾಟಲಿಯ ನಾಣ್ಯ.
ವಾರದ ರಜೆ ಹಾಕಿ ತುಮಕೂರಿಗೆ ಬಂದೆ,
ಸೀಟಿನಲ್ಲಿ ಕೂತು, ಪ್ರಯಾಣಿಕಳ ಹಾಗೆ.

ಎಂ.ಜಿ. ರಸ್ತೆ, ಕನ್ನಡಕದಂಗಡಿಯ ಮಹಡಿ, ಮುಸ್ತಾಕ್ ಪಾಷ.
"ಎಷ್ಟು ಮೆಗಾಪಿಕ್ಸೆಲ್ ಬೇಕು ಮೇಡಂ?"
"ಕೊಕ್ಕರೆಗೆ ಎಷ್ಟು ಬೇಕೋ ಅಷ್ಟು."
ಅಂಗೈಯಗಲದ ಕೆಂಪು ಡಬ್ಬಿ ಇಟ್ಟ. ಹೊಸದು. ಐದು ಪಟ್ಟು ಹತ್ತಿರ.
ಐದು ಪಟ್ಟು ಎಂದರೆ ಮರದ ಬುಡಕ್ಕೆ ಹೋದ ಹಾಗೆ,
ಕೊಂಬೆ ಹತ್ತಿದ ಹಾಗಲ್ಲ.
ಆಮೇಲೆ ಒಂದು ದೊಡ್ಡದು, ಕಪ್ಪಗೆ, ಗಂಭೀರ.
ಮೈಯೊಂದೇ ಹದಿನೆಂಟು ಸಾವಿರ, ಲೆನ್ಸು ಬೇರೆ ಕೊಳ್ಳಬೇಕಂತೆ.
"ಕಣ್ಣಿಲ್ಲದ್ದು ಒಯ್ದು ಏನಪ್ಪ ಮಾಡಲಿ?"
"ನಿಧಾನಕ್ಕೆ ತಗೊಂಡ್ರಾಯ್ತು."
ನಿಧಾನಕ್ಕೆ ಅನ್ನುವ ಊರಿಗೆ
ನಮ್ಮ ಡಿಪೋದಿಂದ ಬಸ್ಸಿಲ್ಲ.

ನಾನು ಎದ್ದ ಮೇಲೆ
ಕೌಂಟರಿನ ಕೆಳಗಿಂದ ಹಳದಿ ಬಟ್ಟೆಯ ಗಂಟು ತೆಗೆದ.
ಯಾರೋ ಕಾಲೇಜು ಮೇಷ್ಟ್ರದಂತೆ. ಹಿಡಿಯುವ ಕಡೆ ರಬ್ಬರು ಸವೆದು
ಅವರ ಹೆಬ್ಬೆರಳಿನ ಹಳ್ಳ ಬಿದ್ದಿದೆ.
ಮೂವತ್ತು ಪಟ್ಟು. ನಾಲ್ಕು ಪೆನ್ಸಿಲ್ ಸೆಲ್ಲು,
ಬರಗೂರಿನ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.
ಕಿಟಕಿಗೆ ಬಂದು ಕಣ್ಣಿಗಿಟ್ಟೆ.
ರಸ್ತೆಯ ತುದಿಯಲ್ಲಿ ನಮ್ಮ ನಿಗಮದ್ದೇ ಬಸ್ಸು, ಬೋರ್ಡು ಓದಿದೆ: ಮಧುಗಿರಿ.
ಇನ್ನಷ್ಟು ಎಳೆದೆ. ಕಿಟಕಿ ಸೀಟಿನ ಹುಡುಗಿ,
ಅವಳ ಕೈಯ ಸೌತೆಕಾಯಿ, ಹೋಳಿನ ಮೇಲಿನ ಖಾರದ ಪುಡಿ.
ಕೇಳದೆ ಅಷ್ಟು ಹತ್ತಿರ ಹೋದದ್ದಕ್ಕೆ ನಾಚಿ
ಕ್ಯಾಮೆರಾ ಆಕಾಶಕ್ಕೆ ತಿರುಗಿಸಿದೆ.

ಆಗ ಕಂಡದ್ದು. ಎಡಕ್ಕೆ, ಮೇಲುಮೂಲೆಯಲ್ಲಿ,
ಸಾಸಿವೆಯಷ್ಟು ಕಪ್ಪು ಚುಕ್ಕೆ.
ಊದಿದೆ. ಸೆರಗಲ್ಲಿ ಒರೆಸಿದೆ. ಗೋಡೆಗೆ ಹಿಡಿದೆ, ಅಲ್ಲೂ ಇದೆ.
"ಒಳಗೆ ಕೂತಿದೆ ಮೇಡಂ, ಬಿಚ್ಚಿದ್ರೆ
ಬಿಚ್ಚೋ ಕೂಲೀಲಿ ಇನ್ನೊಂದು ಬರ್ತದೆ."
ಸುಳ್ಳು ಹೇಳಲಿಲ್ಲ, ಅದು ಹಿಡಿಸಿತು.
ಹನ್ನೆರಡೂವರೆ ಅಂದವನು ಚುಕ್ಕೆಗೆಂದು ಒಂದು ಸಾವಿರ ಇಳಿದ.
ಕಾರ್ಡು, ಸೆಲ್ಲು ಸೇರಿ ಹನ್ನೊಂದು ಸಾವಿರದ ಒಂಬೈನೂರ ಅರವತ್ತು.
ನಾಣ್ಯ ನೋಡಿ ಹೆದರಿದ. ಹತ್ತು ಹತ್ತರ ಗುಪ್ಪೆ ಮಾಡಿಕೊಟ್ಟೆ.
ನಲವತ್ತಕ್ಕೆ ಚಿಲ್ಲರೆ ಇಲ್ಲವಂತೆ!
ಗುಪ್ಪೆಗಳನ್ನು ತೋರಿಸಿದೆ. ಗಲ್ಲಾ ಕಟ್ಟಿಯಾಯ್ತು ಅಂದ.
"ಬಿಲ್ಲಿನ ಹಿಂದೆ ಬರೆದುಕೊಡು," ಎಂದೆ.
ಬರೆದ. ಸುತ್ತು ಹಾಕಿ, ಸಹಿ ಸಮೇತ.

ಮಂಗಳವಾರ ಕಗ್ಗಲಡು, ಎರಡು ನಿಮಿಷ, ಮೂರು ಫೋಟೋ.
ಎರಡು ಅಲುಗಿವೆ.
ಮೂರನೆಯದರಲ್ಲಿ ಒಂದೇ ಕೊಂಬೆ, ಗುಲಾಬಿ ಬಂದಿದೆ,
ಒಂದು ಮರಿ ತಾಯಿಯ ಗಂಟಲೊಳಗೆ ಕೊಕ್ಕು ಹಾಕಿದೆ.
ಓಬಳೇಶಣ್ಣ ಸ್ಟಿಯರಿಂಗಿನ ಮೇಲಿಟ್ಟುಕೊಂಡು ಎಣಿಸಿದ: ಹದಿನಾಲ್ಕು.
"ಹದಿಮೂರು ಕಣಣ್ಣ."
"ಇದೇನು ಮತ್ತೆ ಈರಕ್ಕ, ಈ ಮೂಲೇಲಿ? ದೂರದಿಂದ ಬರ್ತಾ ಐತೆ."

ಒಂಬತ್ತು ವರ್ಷದ ಸರ್ವಿಸ್ಸು.
ಯಂತ್ರದ ಲೆಕ್ಕಕ್ಕಿಂತ ಒಂದು ತಲೆ ಹೆಚ್ಚಿದ್ದರೆ
ಬಸ್ಸು ನಿಲ್ಲಿಸಿ ಹುಡುಕಿದವಳು ನಾನು.
ಇದು ನಾಳೆಯೂ ಹತ್ತುತ್ತದೆ, ನಾಡಿದ್ದೂ,
ಪ್ರತಿ ಆಕಾಶಕ್ಕೂ, ಅದೇ ಮೂಲೆಯ ಸೀಟಿಗೆ.
ಕೋಳಿಬುಟ್ಟಿ ಇಳಿಯಿತೇ ನೋಡಿ
ರೈಟ್ ಅಂದೆ.